ಒಗಟು ಬಿಡಿಸುವವರ ಹೊಣೆ

(ಪುರ್ತಗೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಇವತ್ತಿನ ವಿಷಯ ನಿಮ್ಮ ಕಿಸೆಯಲ್ಲೇ ಇದೆ. "ಒಳಗಿನವ್ರು ಹೇಳ್ಯಾರ, ಖರೇನ ಐತಿ, ಹೆಸರು ಮಾತ್ರ ಕೇಳಬ್ಯಾಡ್ರಿ" ಎಂದು ಮೊಬೈಲಿಗೆ ಒಂದು ಸುದ್ದಿ ಬರುತ್ತದೆ. ಅರ್ಧ ತಾಸಿನಲ್ಲಿ ಗ್ರೂಪಿನ ಮಂದಿ ಅದಕ್ಕೆ ಅರ್ಥ ಹಚ್ಚಿರುತ್ತಾರೆ, ಹಳೆಯ ಫೋಟೊ ಜೋಡಿಸಿರುತ್ತಾರೆ, ಬಾಣದ ಗುರುತು ಎಳೆದಿರುತ್ತಾರೆ, ತಪ್ಪಿತಸ್ಥ ಯಾರೆಂದು ತೀರ್ಮಾನಿಸಿಯೂ ಆಗಿರುತ್ತದೆ. ಇಂಥ ಪ್ರಸಂಗ ಬಂದಾಗ ಸುದ್ದಿ ಹುಟ್ಟಿಸಿದವನನ್ನು ಹುಡುಕುತ್ತೇವೆ, ಬೈಯುತ್ತೇವೆ. ಅದಕ್ಕೆ ಅರ್ಥ ಹಚ್ಚಿದವರನ್ನು ಯಾರೂ ಕೇಳುವುದಿಲ್ಲ. ನಾನು ಇವತ್ತು ಅವರ ಬಗ್ಗೆಯೇ ಮಾತಾಡಬೇಕೆಂದಿದ್ದೇನೆ, ಅಂದರೆ ನಮ್ಮೆಲ್ಲರ ಬಗ್ಗೆ.

ಗುಟ್ಟಿನ ಮಾತಿಗೆ ಕೂಡಿ ಅರ್ಥ ಹಚ್ಚುವುದು ಈ ಸೀಮೆಗೆ ಹೊಸದಲ್ಲ. ಇಲ್ಲಿಂದ ದಕ್ಷಿಣಕ್ಕೆ ಹೋಗಿ ತುಂಗಭದ್ರೆ ದಾಟಿದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. 'ಸದ್ದಲೇ' ಎಂದೊಡನೆ ಇಡೀ ಮರಡಿ ಮೌನವಾಗುತ್ತದೆ. ಕಾರಣಿಕವೆಂಬ ಒಂದೇ ಒಂದು ಸಾಲು ನುಡಿದು ಅಲ್ಲಿಂದ ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಮಳೆ ಹೇಗೆ, ಹಿಂಗಾರಿ ಹೇಗೆ, ಧಾರಣಿ ಏರುವುದೋ ಇಳಿಯುವುದೋ, ಬೆಂಗಳೂರಿನ ಕುರ್ಚಿ ಯಾರಿಗೆ ಎಂಬುದನ್ನೆಲ್ಲ ಆ ಸಾಲಿನಿಂದ ತೆಗೆಯುವ ಕೆಲಸ ಕೇಳಿದವರದು.

ಕಾರಣಿಕವನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ನಾನು ನೋಡುತ್ತಿರುವುದು ಆ ಪದ್ಧತಿಗೆ ನಮ್ಮ ಹಿರಿಯರು ಹಾಕಿದ ಕಟ್ಟುಗಳನ್ನು. ನುಡಿಯುವವನು ಯಾರೆಂದು ಎಲ್ಲರಿಗೂ ಗೊತ್ತು. ನುಡಿ ಎಲ್ಲರ ಕಿವಿಗೂ ಒಟ್ಟಿಗೇ ಬೀಳುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ. ಅರ್ಥ ಹೇಳುವವರು ಕಟ್ಟೆಯ ಮೇಲೆ ಎದುರಾಬದುರು ಕೂತು ಹೇಳುತ್ತಾರೆ. ಒಬ್ಬರು ಮಳೆ ಎಂದರೆ ಇನ್ನೊಬ್ಬರು ಬರ ಎನ್ನುತ್ತಾರೆ, ಎರಡೂ ಮಾತು ಊರಿನಲ್ಲಿ ಉಳಿಯುತ್ತವೆ. ಸುಗ್ಗಿ ಬಂದಾಗ ಯಾರ ಅರ್ಥ ನಿಂತಿತು, ಯಾರದು ಬಿತ್ತು ಎಂಬುದು ಬಯಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಗಟನ್ನು ಒಗಟೆಂದೇ ಒಪ್ಪಿಕೊಂಡ ವ್ಯವಹಾರ ಅದು. ಮೊಬೈಲಿಗೆ ಬಂದ ಒಗಟಿನಲ್ಲಿ ಈ ಒಂದೊಂದು ಕಟ್ಟೂ ಬಿಚ್ಚಿಹೋಗಿದೆ.

ಅಮೆರಿಕದಲ್ಲಿ ನಡೆದದ್ದನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಈ ಕಾಯಿಲೆಯ ಪೂರ್ಣ ರೂಪ ಕಂಡದ್ದು ಅಲ್ಲಿ. 2016ರಲ್ಲಿ ಅಲ್ಲಿಯ ರಾಜಕಾರಣಿಯೊಬ್ಬರ ಇ-ಮೇಲ್‌ಗಳು ಸೋರಿ ಹೊರಬಿದ್ದವು. ಇ-ಮೇಲ್‌ಗಳು ನಿಜವಾದವೇ. ಓದಿದವರು ಅವುಗಳಲ್ಲಿದ್ದ ಪಿಜ್ಜಾ, ಚೀಸ್ ಎಂಬ ಮಾತುಗಳನ್ನು ಗುಪ್ತ ಸಂಕೇತಗಳೆಂದು ಬಿಡಿಸಿ, ವಾಷಿಂಗ್ಟನ್ನಿನ ಒಂದು ಪಿಜ್ಜಾ ಅಂಗಡಿಯ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆ ಎಂಬ ತೀರ್ಮಾನಕ್ಕೆ ಬಂದರು. ಆ ವರ್ಷ ಡಿಸೆಂಬರ್ 4ರಂದು ಒಬ್ಬಾತ ಬೇರೆ ರಾಜ್ಯದಿಂದ ಬಂದೂಕು ಹಿಡಿದು ಬಂದು ಅಂಗಡಿಯೊಳಗೆ ಗುಂಡು ಹಾರಿಸಿದ. ಅವನು ಬಂದದ್ದು ಮಕ್ಕಳನ್ನು ಬಿಡಿಸಲು. ಮಕ್ಕಳಿರಲಿಲ್ಲ, ಆ ಅಂಗಡಿಗೆ ನೆಲಮಾಳಿಗೆಯೇ ಇರಲಿಲ್ಲ.

ಮರುವರ್ಷ, 2017ರ ಅಕ್ಟೋಬರ್ 28ರಂದು, 'ಕ್ಯೂ' ಎಂಬ ಒಂದಕ್ಷರದ ಹೆಸರಿನಲ್ಲಿ ಒಬ್ಬರು ಅಂತರ್ಜಾಲದಲ್ಲಿ ಬರೆಯಲು ಶುರುಮಾಡಿದರು. ಅಣುಶಕ್ತಿಯ ರಹಸ್ಯ ನೋಡಲು ಅಮೆರಿಕ ಸರ್ಕಾರ ಕೊಡುವ ಪರವಾನಗಿಗೆ ಆ ಅಕ್ಷರದ ಹೆಸರಿದೆ. ಹಾಗಾಗಿ ಇವರು ಸರ್ಕಾರದ ಒಳಗಿನವರು ಎಂದು ಓದುಗರು ನಂಬಿದರು. ಹಿಲರಿ ಕ್ಲಿಂಟನ್ ಅಕ್ಟೋಬರ್ 30ರಂದು ಬಂಧನಕ್ಕೊಳಗಾಗುತ್ತಾರೆ ಎಂಬುದು ಮೊದಲ ಭವಿಷ್ಯ. ಆಗಲಿಲ್ಲ. ಮೈಲಾರದ ಕಟ್ಟೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಮುಗಿಯಲಿಲ್ಲ. ಮೂರು ವರ್ಷದಲ್ಲಿ ಸುಮಾರು 5,000 ಸಂದೇಶಗಳು ಬಂದವು, ಬಹುಪಾಲು ಅರೆಬರೆ ಪ್ರಶ್ನೆಗಳು. ಆ ಚೂರುಗಳನ್ನು ಕೂಡಿಸಿ ಅರ್ಥ ಕಟ್ಟುವವರು ತಮ್ಮನ್ನು ರೊಟ್ಟಿ ಸುಡುವವರೆಂದು ಕರೆದುಕೊಂಡರು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರಲ್ಲಿ ಇವರೂ ಇದ್ದರು.

ಭವಿಷ್ಯ ಸುಳ್ಳಾದರೂ ನಂಬಿಕೆ ಏಕೆ ಉಳಿಯಿತು? ಅರ್ಥವನ್ನು ಅವರೇ ಕಟ್ಟಿದ್ದರು, ಅದಕ್ಕೆ. ಬೇರೆಯವರು ಹೇಳಿದ್ದು ಸುಳ್ಳಾದರೆ ಬಿಟ್ಟುಬಿಡುತ್ತೇವೆ. ನಿದ್ದೆಗೆಟ್ಟು ನಾವೇ ಬಿಡಿಸಿದ್ದು ಸುಳ್ಳಾದರೆ, ಇನ್ನೊಂದು ಅರ್ಥ ಹುಡುಕುತ್ತೇವೆ. ಜೊತೆಗೆ, ಆ ಕೆಲಸದಲ್ಲಿ ಗೆಳೆತನ ಸಿಗುತ್ತದೆ. ಕೆಲಸವಿಲ್ಲದ ಹುಡುಗನಿಗೆ, ಮಕ್ಕಳು ದೂರವಾದ ಮುದುಕರಿಗೆ, "ಭಾಳ ಚಲೋ ಹುಡುಕಿದಿ" ಎನ್ನುವವರು ಸಿಗುತ್ತಾರೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆ ಹಸಿವು ನಿಜವಾದದ್ದು, ಅದನ್ನು ನಮ್ಮ ಊರುಗಳು ಈಗ ತಣಿಸುತ್ತಿಲ್ಲ.

ಹಾಗಾದರೆ ಹೆಸರಿಲ್ಲದ ಸುದ್ದಿಯನ್ನೆಲ್ಲ ಕಸಕ್ಕೆ ಹಾಕಬೇಕೆ? ಖಂಡಿತ ಬೇಡ. 2016ರ ನೋಟು ರದ್ದತಿಯ ಕತೆ ನೆನಪಿಸಿಕೊಳ್ಳಿ. ನವೆಂಬರ್ 8ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬರುವುದಕ್ಕೆ ಮುಂಚೆಯೇ 2,000 ರೂಪಾಯಿ ನೋಟಿನ ಫೋಟೊಗಳು ಮೊಬೈಲುಗಳಲ್ಲಿ ಓಡಾಡಿದ್ದವು. ಮೈಸೂರಿನ ಮುದ್ರಣಾಲಯದಲ್ಲಿ ಈ ನೋಟು ಅಚ್ಚಾಗಿದೆ ಎಂದು ಅಕ್ಟೋಬರ್ 21ರಂದೇ ಒಂದು ವಾಣಿಜ್ಯ ಪತ್ರಿಕೆ ಬರೆದಿತ್ತು. ಹೆಸರಿಲ್ಲದೆ ಹೊರಬಂದ ಆ ಸುದ್ದಿ ಅಕ್ಷರಶಃ ನಿಜವಾಯಿತು. ಅದೇ ನೋಟಿನ ಬೆನ್ನಿಗೆ ಅದೇ ಮೊಬೈಲಿಗೆ ಇನ್ನೊಂದು ಸುದ್ದಿ ಬಂತು: ನೋಟಿನೊಳಗೆ ಚಿಪ್ ಇದೆ, ನೆಲದಲ್ಲಿ ಹೂತರೂ ಉಪಗ್ರಹಕ್ಕೆ ಕಾಣುತ್ತದೆ. ಕೆಲವು ಟಿವಿ ಚಾನೆಲ್‌ಗಳು ಗ್ರಾಫಿಕ್ಸ್ ಸಮೇತ ತೋರಿಸಿದವು. ರಿಸರ್ವ್ ಬ್ಯಾಂಕು ಪ್ರಕಟಿಸಿದ ನೋಟಿನ ಲಕ್ಷಣಗಳ ಪಟ್ಟಿಯಲ್ಲಿ ಚಿಪ್ ಇರಲಿಲ್ಲ. 2023ರ ಮೇ 19ರಂದು ನೋಟನ್ನು ಚಲಾವಣೆಯಿಂದ ಹಿಂತೆಗೆದುಕೊಳ್ಳುವ ಪ್ರಕಟಣೆ ಬಂತು. ಆ ವೇಳೆಗೆ ಚಿಪ್ಪಿನ ಮಾತನ್ನು ಹಂಚಿದವರು ಅದನ್ನು ಮರೆತೇಬಿಟ್ಟಿದ್ದರು. ಎರಡೂ ಸುದ್ದಿಗೆ ಹೇಳಿದವನ ಹೆಸರಿರಲಿಲ್ಲ. ಒಂದನ್ನು ಪತ್ರಕರ್ತರೊಬ್ಬರು ವಿಚಾರಿಸಿ ತಮ್ಮ ಪತ್ರಿಕೆಯ ಹೆಸರಿನಲ್ಲಿ, ತಪ್ಪಾದರೆ ಉತ್ತರ ಕೊಡುವ ಹೊಣೆ ಹೊತ್ತು ಅಚ್ಚು ಹಾಕಿಸಿದ್ದರು. ಇನ್ನೊಂದಕ್ಕೆ ಹೊಣೆ ಹೊತ್ತವರೇ ಇರಲಿಲ್ಲ. ನನಗೆ ಕಾಣುವ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಇಂಥ ಯಂತ್ರಗಳು ಮೋಡ ಓಡಿಸಿ ಮಳೆ ತಪ್ಪಿಸುತ್ತವೆ ಎಂಬ ಮಾತು ಅವು ಎದ್ದ ಹಲವು ಕಡೆ ಹುಟ್ಟಿದೆ. ಮಹಾರಾಷ್ಟ್ರದ ಸಾತಾರಾ ಕಡೆಯ ರೈತರೂ ಈ ದೂರು ಹೇಳಿದ್ದರು. ಯಂತ್ರದ ಎತ್ತರ ನೂರು ಮೀಟರಿನ ಆಸುಪಾಸು, ಮಳೆ ತರುವ ಮೋಡ ಅದಕ್ಕಿಂತ ಬಹಳ ಮೇಲೆ ಬೆಳೆಯುತ್ತದೆ. ನಮಗೆ ಮುಂಗಾರು ಕಡಿಮೆ, ಏಕೆಂದರೆ ಅರಬ್ಬಿ ಸಮುದ್ರದ ತೇವ ಪಶ್ಚಿಮ ಘಟ್ಟದಲ್ಲೇ ಬಹುಪಾಲು ಇಳಿದುಹೋಗುತ್ತದೆ, ನಾವು ಮಳೆನೆರಳಿನಲ್ಲಿದ್ದೇವೆ. ಇಷ್ಟು ಹೇಳಿದರೆ ವಿಜ್ಞಾನ ಮುಗಿಯುತ್ತದೆ, ರೈತನ ಪ್ರಶ್ನೆ ಮುಗಿಯುವುದಿಲ್ಲ. ಗುಡ್ಡ ಯಾರು ಕೊಟ್ಟರು, ಕರೆಂಟು ಎಲ್ಲಿಗೆ ಹೋಯಿತು, ಹೊಲದ ದಾರಿಗೆ ಏನಾಯಿತು, ನಮ್ಮನ್ನು ಕೇಳಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಹೋದಾಗ ಅವೆಲ್ಲ ಸೇರಿ 'ಮೋಡ ಓಡಿಸುತ್ತಾರೆ' ಎಂಬ ಒಂದೇ ಮಾತಾಗುತ್ತವೆ. ಪಿತೂರಿಯ ಕತೆಯನ್ನು ಅಲ್ಲಗಳೆಯುವವರು ಕೆಳಗಿರುವ ಆ ಸಂಕಟವನ್ನೂ ಅದರ ಜೊತೆಗೇ ಅಲ್ಲಗಳೆದರೆ ಯಾರೂ ಅವರ ಮಾತು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಈಗ ಬೀದರ್ ಜಿಲ್ಲೆಯ ಮುರ್ಕಿಗೆ ಬರುತ್ತೇನೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ದೇಶದ ತುಂಬ ಓಡಾಡುತ್ತಿತ್ತು. ಬೈಕಿನ ಮೇಲೆ ಬಂದ ಇಬ್ಬರು ರಸ್ತೆಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊವನ್ನು ನೀವೂ ನೋಡಿರಬಹುದು. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ತಿರುಗಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ತುಣುಕನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಇದೇ ಸಂಶಯದ ಮೇಲೆ ಬಡಿದು ಕೊಂದರು.

ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದಕ್ಕೆ ಬಂದಿದ್ದರು. ಅವರಲ್ಲೊಬ್ಬ ಕತಾರ್ ದೇಶದವನು. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು, ತನ್ನ ದೇಶದಿಂದ ತಂದ ಚಾಕೊಲೇಟ್ ಕೊಟ್ಟ. ನೋಡಿದವರಿಗೆ ಸಂಶಯ ಬಂತು. ಮಾತಿಗೆ ಮಾತು ಬೆಳೆಯಿತು, ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ವಾಟ್ಸಾಪ್ ಗ್ರೂಪಿನಲ್ಲಿ ವಿಡಿಯೊ ಮುರ್ಕಿ ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದರು. ಕಾರು ತಗ್ಗಿಗೆ ಬಿತ್ತು. ಮೂವತ್ತರ ಆಸುಪಾಸಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಆ ಗುಂಪಿನ ಕೈಯಲ್ಲಿ ಸತ್ತರು, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟುಬಿತ್ತು.

ನಾನು ಈ ಘಟನೆಯನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ಆ ಜನ ಕಂಡ ಒಂದೊಂದು ಸುಳಿವೂ ಖರೆ. ಅಪರಿಚಿತರು ಬಂದಿದ್ದು ಖರೆ, ಚಾಕೊಲೇಟ್ ಕೊಟ್ಟಿದ್ದು ಖರೆ, ಕಾರು ಓಡಿಸಿಕೊಂಡು ಹೋದದ್ದು ಖರೆ. ಮೊದಲೇ ತಲೆಯಲ್ಲಿ ಸಿದ್ಧವಾಗಿದ್ದ ಕತೆಗೆ ಈ ಖರೆ ತುಣುಕುಗಳು ಹೋಗಿ ಕೂತವು. ಓಡಿಹೋಗುವವನು ಹೆದರಿ ಓಡುತ್ತಿರಬಹುದು ಎಂಬ ಇನ್ನೊಂದು ಅರ್ಥಕ್ಕೆ ಗ್ರೂಪಿನಲ್ಲಿ ಜಾಗ ಇರಲಿಲ್ಲ. ಕಟ್ಟೆಯ ಮೇಲಾಗಿದ್ದರೆ "ತಡೀರೋ ತಮ್ಮ, ಸಂಬಂಧಿಕರ ಮನೀಗೆ ಬಂದವರಿರಬೇಕು" ಎನ್ನುವ ಒಬ್ಬ ಹಿರಿಯ ಇರುತ್ತಿದ್ದ. ಪಿಜ್ಜಾ ಅಂಗಡಿಗೆ ಹೋದವನಂತೆ ಮುರ್ಕಿಯವರೂ ಮಕ್ಕಳನ್ನು ಉಳಿಸುತ್ತಿದ್ದೇವೆಂದೇ ತಿಳಿದಿದ್ದರು. ಒಳ್ಳೆಯ ಉದ್ದೇಶ ಇದ್ದಲ್ಲಿ ಕೈ ತಡೆಯುವುದು ಇನ್ನೂ ಕಷ್ಟ.

ನಾಲ್ಕು ದಿನದ ನಂತರ, ಜುಲೈ 17ರಂದು, ಗುಂಪುಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವಾರ ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿಯನ್ನು ಪ್ರಕಟಿಸಿತು.

ಇನ್ನು ಧರ್ಮಸ್ಥಳದ ಪ್ರಕರಣ. ಈ ಮಾತು ಎತ್ತಬಾರದೆಂದು ಸಲಹೆ ಕೊಡುವವರಿರಬಹುದು. ಆದರೆ ಹೆಸರು ಮುಚ್ಚಿದ ಒಳಗಿನವನ ಮಾತು, ಅದಕ್ಕೆ ಅರ್ಥ ಹಚ್ಚುವ ಲಕ್ಷಾಂತರ ಜನ, ಎರಡೂ ನಮ್ಮ ನಾಡಿನಲ್ಲಿ ಇಷ್ಟು ದೊಡ್ಡದಾಗಿ ಕೂಡಿದ್ದು ಬೇರೆಲ್ಲೂ ಇಲ್ಲ. 2025ರ ಜುಲೈ ಮೊದಲ ವಾರದಲ್ಲಿ, ತಾನು ಅಲ್ಲಿ ಹಿಂದೆ ಸ್ವಚ್ಛತಾ ಕೆಲಸಗಾರನಾಗಿದ್ದೆ ಎಂದು ಹೇಳಿಕೊಂಡ ಒಬ್ಬ, ಹಲವು ವರ್ಷ ಕಾಲ ನೂರಾರು ಶವಗಳನ್ನು ತನ್ನ ಕೈಯಿಂದ ಹೂಳಿಸಿದರು ಎಂದು ದೂರು ಕೊಟ್ಟ. ಜುಲೈ 11ರಂದು ಮುಖ ಪೂರ್ತಿ ಮುಚ್ಚಿಕೊಂಡು ಬೆಳ್ತಂಗಡಿ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಟ್ಟ. ಜುಲೈ 19ರಂದು ಸರ್ಕಾರ ಹಿರಿಯ ಪೊಲೀಸ್ ಅಧಿಕಾರಿ ಪ್ರಣಬ್ ಮೊಹಂತಿ ಅವರ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. 29ರಿಂದ ನೇತ್ರಾವತಿಯ ದಂಡೆಯ ಕಡೆ, ಆತ ಗುರುತಿಸಿದ 13 ಜಾಗಗಳಲ್ಲಿ ಅಗೆತ ಶುರುವಾಯಿತು. 31ರಂದು ಆರನೆಯ ಜಾಗದಲ್ಲಿ ಮಾನವ ಅವಶೇಷ ಸಿಕ್ಕಿತು; ಹಲವು ಜಾಗಗಳಲ್ಲಿ ಏನೂ ಸಿಗಲಿಲ್ಲ. ಆಗಸ್ಟ್ 23ರಂದು ದೂರುದಾರನನ್ನೇ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಬಂಧಿಸಿದರು. ನವೆಂಬರಿನಲ್ಲಿ ತನಿಖಾ ತಂಡ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ, ನಾನು ಹೇಳುವುದಿಲ್ಲ.

ಆ ಎರಡು ತಿಂಗಳು ನಾವು ಏನು ಮಾಡಿದೆವು ಎಂಬುದು ನನ್ನ ಪ್ರಶ್ನೆ. ಒಂದು ಜಾಗದಲ್ಲಿ ಎಲುಬು ಸಿಕ್ಕರೆ "ನೂರಾರು ಶವ ಇದ್ದದ್ದಕ್ಕೆ ಸಾಕ್ಷಿ" ಎಂದರು. ಇನ್ನೊಂದರಲ್ಲಿ ಸಿಗದಿದ್ದರೆ "ಮೊದಲೇ ತೆಗೆಸಿದ್ದಾರೆ, ಅದೇ ಸಾಕ್ಷಿ" ಎಂದರು. ಸಿಕ್ಕರೂ ಸಾಕ್ಷಿ, ಸಿಗದಿದ್ದರೂ ಸಾಕ್ಷಿ ಎಂದಾದ ಮೇಲೆ ಅಗೆಯುವುದು ಏತಕ್ಕೆ? ಕೃತಕ ಬುದ್ಧಿಮತ್ತೆಯಿಂದ ದೃಶ್ಯ ತಯಾರಿಸಿ, ಯಾರೂ ಕಣ್ಣಾರೆ ಕಾಣದ ಘಟನೆಯನ್ನು ಕಂಡಂತೆ ತೋರಿಸಿದರು. ಎದುರು ಪಾಳೆಯವೂ ಇದನ್ನೇ ಮಾಡಿತು. ದೂರುದಾರನ ಬಂಧನವಾದ ಕೂಡಲೇ, ಆ ಸೀಮೆಯಲ್ಲಿ ಇತ್ಯರ್ಥವಾಗದೆ ಉಳಿದ ಸಾವುಗಳ ಪ್ರಶ್ನೆಯೆಲ್ಲ ಸುಳ್ಳಾಯಿತೆಂದು ಸಾರಿದರು. ಯಾವುದೋ ದೊಡ್ಡ ಸಂಚಿನ ನಕ್ಷೆ ಬರೆದು, ಅದಕ್ಕೂ ಬಾಣದ ಗುರುತು ಹಾಕಿ ಹಂಚಿದರು. ಅಲ್ಲಿ ವರದಿ ಮಾಡಲು ಹೋದ ಯೂಟ್ಯೂಬರ್‌ಗಳಿಗೆ ಹೊಡೆದರು. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು 8,000ಕ್ಕೂ ಹೆಚ್ಚು ಲಿಂಕ್‌ಗಳನ್ನು ತೆಗೆಯಲು ಆದೇಶಿಸಿತು. ಹೈಕೋರ್ಟ್ ಆಗಸ್ಟ್ 1ರಂದು ಆ ನಿರ್ಬಂಧವನ್ನು ರದ್ದುಮಾಡಿತು. ಬಾಯಿ ಮುಚ್ಚಿಸುವ ಆದೇಶವನ್ನೂ ಜನ ಸುಳಿವೆಂದೇ ಓದಿದರು. ಆ ಓದಿಗೆ ಆದೇಶವೇ ದಾರಿ ಮಾಡಿಕೊಟ್ಟಿತು ಎಂದು ನಾನು ತಿಳಿಯುತ್ತೇನೆ.

ಈ ಗದ್ದಲದಲ್ಲಿ ನಿಜವಾಗಿ ಸೋತವರು ಮನೆಯ ಹೆಣ್ಣುಮಗಳನ್ನು ಕಳೆದುಕೊಂಡು ವರ್ಷಗಟ್ಟಲೆ ಉತ್ತರಕ್ಕೆ ಕಾದ ತಾಯಂದಿರು. ಅವರ ಪ್ರಶ್ನೆ ಸರಳವಾದದ್ದು: ನನ್ನ ಮಗಳನ್ನು ಕೊಂದವರು ಯಾರು? ಆ ಪ್ರಶ್ನೆಯನ್ನು ನೂರಾರು ಶವಗಳ ಒಗಟಿಗೆ ಗಂಟುಹಾಕಿದ್ದರಿಂದ, ಒಗಟಿನ ಜೊತೆಗೆ ಪ್ರಶ್ನೆಯೂ ಮುಳುಗುವ ಹಾಗಾಯಿತು. ಅತಿ ದೊಡ್ಡ ಆರೋಪ ಸಣ್ಣ, ಗಟ್ಟಿ ಆರೋಪವನ್ನು ತಿಂದುಹಾಕುತ್ತದೆ. ಹೋರಾಟ ಮಾಡುವವರು ಇದನ್ನು ಎಲ್ಲರಿಗಿಂತ ಮೊದಲು ತಿಳಿಯಬೇಕು.

ಹೆಸರು ಮುಚ್ಚಿಕೊಂಡು ಬಂದದ್ದೇ ಆ ದೂರುದಾರನ ತಪ್ಪು ಎಂದು ಕೆಲವರು ಈಗ ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸತ್ಯೇಂದ್ರ ದುಬೆ ಎಂಬ ಎಂಜಿನಿಯರ್ 2002ರಲ್ಲಿ ಹೆದ್ದಾರಿ ಕಾಮಗಾರಿಯ ಭ್ರಷ್ಟಾಚಾರದ ಬಗ್ಗೆ ಪ್ರಧಾನಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಓದಿದ ಷಣ್ಮುಗಂ ಮಂಜುನಾಥ್, ಉತ್ತರ ಪ್ರದೇಶದಲ್ಲಿ ತೈಲ ಕಂಪನಿಯ ಅಧಿಕಾರಿಯಾಗಿದ್ದಾಗ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡರು. 2005ರ ನವೆಂಬರಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಇಂಥ ದೇಶದಲ್ಲಿ ಒಳಗಿನವನಿಗೆ ಮರೆ ಬೇಕೇ ಬೇಕು. ಸಾಕ್ಷಿಗಳ ರಕ್ಷಣೆಗೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆಯೂ ಆ ಕಾರಣಕ್ಕೇ ಬಂದದ್ದು.

ಹೇಳುವವನಿಗೆ ಮರೆ ಇರಲಿ; ಅರ್ಥ ಹಚ್ಚಿ ಹಂಚುವವನಿಗೆ ಆ ಮರೆ ಇಲ್ಲ ಎಂಬುದು ನನ್ನ ವಾದ. ಒಳಗಿನವನ ಜೀವಕ್ಕೆ ಅಪಾಯವಿದೆ, ನನ್ನ ಜೀವಕ್ಕೆ ಏನಿದೆ? ನಾನು ಹಂಚುವುದಾದರೆ ನನ್ನ ಹೆಸರಿನಲ್ಲಿ ಹಂಚಬೇಕು. ಏನು ಸಿಕ್ಕರೆ, ಏನು ಸಿಗದಿದ್ದರೆ ನನ್ನ ಅರ್ಥವನ್ನು ಕೈಬಿಡುತ್ತೇನೆ ಎಂಬುದನ್ನು ಅಗೆಯುವ ಮೊದಲೇ ಹೇಳಬೇಕು. ಬದುಕಿರುವ ಒಬ್ಬ ಮನುಷ್ಯನ ಹೆಸರಿನ ಕಡೆಗೆ ಬಾಣ ಎಳೆಯುವಾಗ ಕೈ ನಿಲ್ಲಬೇಕು. 2013ರ ಏಪ್ರಿಲಿನಲ್ಲಿ ಬಾಸ್ಟನ್ ನಗರದಲ್ಲಿ ಬಾಂಬ್ ಸಿಡಿದಾಗ, ಫೋಟೊ ಹೋಲಿಸಿ ನೋಡಿದ ಅಂತರ್ಜಾಲದ ಮಂದಿ, ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನೇ ಅಪರಾಧಿ ಎಂದು ಸಾರಿದರು. ಕೆಲವೇ ದಿನದಲ್ಲಿ ಅವನ ಶವ ನದಿಯಲ್ಲಿ ಸಿಕ್ಕಿತು. ಸ್ಫೋಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಮಗನನ್ನು ಹುಡುಕುತ್ತಿದ್ದ ಆ ಮನೆಯವರಿಗೆ ಬೈಗುಳದ ಕರೆಗಳು ಬಂದವು.

ಈ ಸಭೆಯಲ್ಲಿ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಗುತ್ತಿಗೆ ಕೆಲಸಗಳಲ್ಲಿ ಇರುವವರಿದ್ದೀರಿ. ನಾಳೆ ನೀವೇ ಒಳಗಿನವರಾಗಬಹುದು. ಆಗ ಏನು ಮಾಡಬೇಕೆಂಬುದು ತಿಳಿದಿರಲಿ. ದುಬೆಯವರ ಸಾವಿನ ನಂತರ, 2004ರಲ್ಲಿ, ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಅದರ ಪ್ರಕಾರ ಕೇಂದ್ರದ ನೌಕರರ ಮತ್ತು ಕೇಂದ್ರದ ಕಂಪನಿಗಳ ಮೇಲಿನ ಭ್ರಷ್ಟಾಚಾರದ ದೂರನ್ನು ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ಕಳಿಸಬಹುದು. ಹೆಸರೇ ಇಲ್ಲದ ದೂರನ್ನು ಆ ನಿರ್ಣಯದಡಿ ತೆಗೆದುಕೊಳ್ಳುವುದಿಲ್ಲ. ಹೆಸರು ಕೊಟ್ಟರೆ ಅದನ್ನು ಗುಟ್ಟಾಗಿಡುವ ಹೊಣೆ ಆಯೋಗದ್ದು. ಊರಿಗೆ ಮುಚ್ಚಿದ, ಹೊಣೆಗಾರನಿಗೆ ತೆರೆದ ಹೆಸರು. ಇದಕ್ಕಿಂತ ಗಟ್ಟಿಯಾದ ಕಾಯ್ದೆಯೊಂದನ್ನು ಸಂಸತ್ತು ಒಪ್ಪಿ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ. ಆದರೂ ಅದನ್ನು ಜಾರಿಗೆ ತಂದಿಲ್ಲ. ಹೇಳುವುದಕ್ಕೆ ಸರಿಯಾದ ಬಾಗಿಲು ತೆರೆಯದೆ, ಜನ ಕಿಟಕಿಯಿಂದ ಕೂಗುತ್ತಾರೆ ಎಂದು ದೂರಿದರೆ ಹೇಗೆ? ಜಾರಿಗೆ ತನ್ನಿ ಎಂದು ನಮ್ಮ ಸಂಸದರನ್ನು ಕೇಳುವ ಹಕ್ಕು ಪುರ್ತಗೇರಿಗೂ ಇದೆ.

ಶಿಕ್ಷಕ ಮಿತ್ರರೆ, ನಿಮ್ಮ ಹೈಸ್ಕೂಲಿನ ಮಕ್ಕಳಿಗೆ ಇಷ್ಟನ್ನು ಬರೆಸಿ. ಲಕೋಟೆಯನ್ನು ಅಂಟಿಸಿ ಮುಚ್ಚಬೇಕು. ಆಯೋಗದ ಕಾರ್ಯದರ್ಶಿಯ ವಿಳಾಸ, ಇದು ಸಾರ್ವಜನಿಕ ಹಿತಾಸಕ್ತಿಯ ಮಾಹಿತಿ ಎಂಬ ತಲೆಬರಹ, ಇವೆರಡೇ ಮೇಲಿರಬೇಕು. ಕಳಿಸಿದವರ ಹೆಸರು, ವಿಳಾಸ ಲಕೋಟೆಯ ಮೇಲೆ ಇರಕೂಡದು, ಒಳಗಿನ ಪತ್ರದಲ್ಲಿರಬೇಕು. ರಾಜ್ಯದ ನೌಕರರ ಮೇಲಿನ ದೂರಾದರೆ ಲೋಕಾಯುಕ್ತಕ್ಕೆ ಹೋಗಬೇಕು, ಜೊತೆಗೆ ಪ್ರಮಾಣಪತ್ರ ಬೇಕು.